ಹೆಪ್ಪು

ಬಳ್ಳಾರಿಯಲ್ಲಿ ಹಿಮ ಬೀಳತೊಡಗಿ ಮೂವತ್ತು ವರ್ಷವಾಯಿತು. ಸಂಜೆಯಾದರೆ ಎಮ್ಮೆಗೆ ಮೇವು ಹಾಕಿದ ಹಾಗೇ ಗಾಡಿಗೆ ಹೀಟರಿನ ವೈರು ಚುಚ್ಚಬೇಕು. ಮರೆತರೆ ಬೆಳಿಗ್ಗೆ ಇಂಜಿನ್ ಆಯಿಲ್ಲು ಹೆಪ್ಪುಗಟ್ಟಿರುತ್ತದೆ. ದುರುಗಪ್ಪನ ಓಣಿಯಲ್ಲಿ ಗಾಡಿ ಇರುವುದು ಅವನೊಬ್ಬನಿಗೇ; ಒಲೆ ಆರಿದ ಮೇಲೂ ಬೆಚ್ಚಗಿರುವುದು ಅವನ ಜೀಪಿನ ಬಾನೆಟ್ಟೊಂದೇ. ಹಾಗಾಗಿ ಓಣಿಯವರ ಹಾಲೆಲ್ಲ ಮೊಸರಾಗಿ ಹೆಪ್ಪುಗಟ್ಟುವುದು ಅದರ ಮೇಲೆಯೇ, ಕಂಬಳಿಯೊಳಗೆ.

ಆವತ್ತು ಬೆಳಿಗ್ಗೆ ದುರುಗಪ್ಪ ವೈರು ಕೀಳಹೋದರೆ ಪಕ್ಕದ ಮನೆಯ ಮುದುಕಿ ಹೊನ್ನೂರವ್ವ ಅಡ್ಡ ನಿಂತಳು.

"ಮುಟ್ಟಬೇಡಪ್ಪ, ಮೊಸರಾಗಿಲ್ಲ. ಮಧ್ಯಾಹ್ನ ಮೊಮ್ಮಗಳ ನಿಶ್ಚಿತಾರ್ಥದ ಊಟ ಐತೆ."

"ದೊಡ್ಡವ್ವ, ಹುಲಿಗೆಮ್ಮನ್ನ ಕರ್ಕೊಂಡು ಬರಾಕೆ ಹೊಂಟೀನಿ. ಹತ್ತರೊಳಗೆ ಹೋದರೆ ಬರ್ತಾಳಂತೆ, ಇಲ್ಲಾಂದ್ರೆ ಇಲ್ಲವಂತೆ."

ಅವನ ಹೆಂಡತಿ ಹುಲಿಗೆಮ್ಮ ಮುನಿಸಿಕೊಂಡು ತವರಿಗೆ ಹೋಗಿ ಎರಡು ತಿಂಗಳಾಗಿತ್ತು.

ಹೊನ್ನೂರವ್ವ ಬಾನೆಟ್ಟಿನ ಮೇಲಿದ್ದ ತನ್ನ ಹಾಲಿನ ಗಡಿಗೆಯನ್ನು ಎತ್ತಿ ಸೆರಗಿನೊಳಗೆ ಅವಚಿಕೊಂಡಳು. "ಹಾಲು ಆಮೇಲೂ ಹೆಪ್ಪುಗಟ್ತೈತೆ. ಆಕೆ ಮನಸ್ಸು ಹೆಪ್ಪುಗಟ್ಟಿದ್ರೆ ನಿನ್ನ ಈ ವೈರು ಏನೂ ಮಾಡಲ್ಲ. ನಡಿ."

"ಬೀಗರಿಗೆ ಮೊಸರು?"

"ಸಾರಲ್ಲೇ ಉಣ್ತಾರೆ ಬಿಡು. ಮೊಸರಿಗೆ ಅಂತ ಯಾರೂ ಹೆಣ್ಣು ಕೇಳಾಕೆ ಬರಲ್ಲ."

ಕೀಲಿ ತಿರುಗಿಸಿದ್ದೇ ತಡ, ಜೀಪು ಹೊರಟಿತು.

ಅದು ತಿರುಗಿ ಬಂದಾಗ ಹನ್ನೊಂದು ದಾಟಿತ್ತು. ಹುಲಿಗೆಮ್ಮ ಇಳಿದಳು. ದಾರಿಯುದ್ದಕ್ಕೂ ಗಂಡನ ಜೊತೆ ಒಂದು ಮಾತೂ ಆಡಿರಲಿಲ್ಲ. ಅವನು ಹೇಳಿದ ಗಡಿಗೆಯ ಕತೆಯನ್ನು ಮಾತ್ರ ಕೇಳಿಸಿಕೊಂಡಿದ್ದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

"ದೊಡ್ಡವ್ವ, ಗಡಿಗೆ ತಾ. ರಾತ್ರಿ ಊಟಕ್ಕಾದ್ರೂ ಆಗ್ತೈತೆ."

ಆಮೇಲೆ ಗಂಡನ ಕಡೆ ತಿರುಗಿದಳು. "ಕಂಬದಂಗೆ ನಿಂತೀಯಲ್ಲ. ವೈರು ಚುಚ್ಚು."