ನಾಲ್ಕನೇ ಜ್ವರ

ಭಾಮೈದ ಅನಂತರಾಜು ಬರಲು ಇನ್ನೂ ಹೊತ್ತಿತ್ತು. ಪುಟ್ಟಸ್ವಾಮಿಯ ಜೀವ ಮಾತ್ರ ಬೆಳಗಿನಿಂದಲೇ ಬಾಯಿಗೆ ಬಂದಿತ್ತು. ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ರೇಷ್ಮೆ ಹುಳುಮನೆಯ ಬಾಗಿಲವರೆಗೆ ಹೋದ, ತಿರುಗಿ ಬಂದ, ರಸ್ತೆ ನೋಡಿದ, ಮತ್ತೆ ಹೋದ. ಮಗಳು ನವ್ಯಶ್ರೀ ಜಗುಲಿಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ರಾತ್ರಿ ಬಿಚ್ಚಿದ ಜಡೆ ಹಾಗೇ ಇತ್ತು. ಹಾರೋಹಳ್ಳಿಗೆ ಕೆಲಸಕ್ಕೆ ಹೊರಡುವ ಹುಡುಗಿ ಇರುವ ರೀತಿಯೇ ಇದು?

ಬಿಡುವಂಥ ಕೆಲಸವೂ ಅಲ್ಲ. ಅನಂತರಾಜು ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಯಾರ‍್ಯಾರದೋ ಕೈಕಾಲು ಹಿಡಿದು ಆಫೀಸಿನಲ್ಲಿ ಅವಳಿಗೊಂದು ಜಾಗ ಕಾದಿರಿಸಿದ್ದ. ಇವತ್ತು ಹೋಗದಿದ್ದರೆ ಅದು ಬೇರೆಯವರ ಪಾಲು. ಹೋದ ವರ್ಷವೂ ಹೀಗೇ ಒಂದು ಕಡೆ ಸೇರಿಸಿದ್ದರು. ಸಂಜೆ ಬಸ್ಸಿನಲ್ಲಿ ನಿಮ್ಮ ಹುಡುಗಿ ಅಳುತ್ತಾ ಬರುತ್ತಾಳೆ ಎಂದು ಊರವರೇ ಹೇಳಿದ ಮೇಲೆ ಬಿಡಿಸಿದ್ದರು. ಅಂದಿನಿಂದ ಅವಳಿಗೆ ಮಾತು ಕಡಿಮೆ.

ಮಗಳ ಪಾಲಿನ ಮಾತನ್ನೂ ಪುಟ್ಟಸ್ವಾಮಿಯೇ ಆಡುತ್ತಿದ್ದ. ತುತ್ತಿಗೊಂದು ಸಲಹೆ. ಮುದ್ದೆ ಮುರಿಯುವಾಗ ನರ್ಸಿಂಗ್, ಸಾರಿಗೆ ಅದ್ದುವಾಗ ಬಿ.ಎಡ್., ಕೈ ತೊಳೆಯುವಾಗ ಪೊಲೀಸ್. ಸಾತನೂರು ಬಸ್ಸಿನ ಕಂಡಕ್ಟರನ್ನೂ ಬಿಡದೆ, "ಬಿಎಸ್ಸಿ ಓದಿರೋ ಹೆಣ್ಮಗೀಗೆ ಏನ್ ಒಳ್ಳೇದು ಸಾರ್?" ಎಂದು ಕೇಳಿ, ಅವನು ಹೇಳಿದ್ದನ್ನೂ ತಂದು ಅವಳ ತಟ್ಟೆಗೆ ಬಡಿಸಿದ್ದ. ಪಾಪ, ಕೇಡು ಬಗೆದು ಮಾಡಿದ್ದಲ್ಲ. ಮಗಳು ಹೀಗೇ ಕೂತುಬಿಟ್ಟರೆ ಗತಿಯೇನು ಎಂಬ ಹೆದರಿಕೆ.

"ನಿಮ್ಮಾವ ಇನ್ನೇನ್ ಬಂದ್ಬುಡ್ತಾನೆ. ಎದ್ದು ಒಸಿ ತಲೆ ಬಾಚ್ಕಳವ್ವ," ಎನ್ನುತ್ತಾ ಹುಳುಮನೆಯೊಳಗೆ ಹೋದ.

ನವ್ಯಶ್ರೀ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. "ಅಪ್ಪಾ, ಇನ್ನೊಂದೆರಡು ತಿಂಗಳು ನನ್ನ ಸುಮ್ನೆ ಬುಟ್ಬುಡು."

"ಬುಟ್ರೆ? ಕುಂತ್ಕಂಡು ಏನ್ ಮಾಡೀಯೆ?"

"ಯೋಚ್ನೆ ಮಾಡ್ತೀನಿ. ಮಣ್ಣು ಪರೀಕ್ಷೆ ಮಾಡೋರ ಹತ್ರ ಹೋಗಿ ಅವರ ಕೆಲ್ಸ ಹೆಂಗಿರ್ತದೆ ಅಂತ ವಿಚಾರಿಸ್ಕಂಡ್ ಬಂದಿದ್ದೀನಿ. ದನದ ಡಾಕ್ಟ್ರನ್ನೂ ಕೇಳಿದ್ದೀನಿ. ಇನ್ನೂ ಏನೂ ತಿಳೀತಿಲ್ಲ. ನಾಳೆಗೊಂದು ಕೆಲ್ಸ ಅಂದ್ರೆ ಈಗ್ಲೇ ಹೊರಡ್ತೀನಪ್ಪ. ನಾನು ನೋಡ್ತಿರೋದು ಮುದುಕಿ ಆಗೋಗಂಟ ಮಾಡೋ ಕೆಲ್ಸ."

"ಮುದುಕಿ ಆಗೋಗಂಟ ಹಿಂಗೇ ಕುಂತಿದ್ರೆ?"

ಅಂದುಬಿಟ್ಟ. ಅಂದ ಮೇಲೆ ಅವನ ಎದೆಯೇ ಚುರುಕ್ ಎಂದಿತು. ಅವಳ ಮುಖ ನೋಡಲಾಗದೆ ಆ ಕಡೆ ತಿರುಗಿ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕತೊಡಗಿದ. ಕೈ ತನ್ನ ಪಾಡಿಗೆ ಹಾಕುತ್ತಿತ್ತು, ಬಾಯಿ ತನ್ನ ಪಾಡಿಗೆ ಆಡುತ್ತಿತ್ತು. "ಕಂಡೋರೆಲ್ಲ ಕೇಳ್ತಾರೆ ಕಣವ್ವ, ಮಗಳು ಏನ್ ಮಾಡ್ತಾವ್ಳೆ ಅಂತ. ನಾನೇನ್ ಹೇಳ್ಲಿ? ನಾಳೆ ನಾನು ಬಿದ್ದೋದ್ರೆ ನಿನ್ನ ಯಾರು..." ಒಂದು ತಟ್ಟೆ, ಅದರ ಪಕ್ಕದ್ದು, ಮೇಲಿನ ಸಾಲೇ ಮುಗಿಯುತ್ತಾ ಬಂತು.

"ಅಪ್ಪಾ!" ನವ್ಯಶ್ರೀ ಕಿರುಚಿದಳು. "ಜ್ವರಕ್ಕೆ ಕುಂತವೆ ಕಣಪ್ಪಾ!"

ಕುಕ್ಕೆ ಅವನ ಕೈಯಿಂದ ಜಾರಿ ಬಿತ್ತು. ಹುಳುಗಳು ತಲೆ ಮೇಲೆತ್ತಿ ಮಿಸುಕಾಡದೆ ಕೂತಿದ್ದವು. ನಾಲ್ಕನೇ ಜ್ವರ, ಗೂಡು ಕಟ್ಟುವ ಮುಂಚಿನ ಕೊನೆಯ ಪೊರೆ ಬಿಡುವ ಹೊತ್ತು. ಹಳೇ ಚರ್ಮ ಕಳಚುವ ತನಕ ಹುಳು ಸೊಪ್ಪು ಮುಟ್ಟುವುದಿಲ್ಲ, ನಾವಾಗಿ ಹಾಕಲೂಬಾರದು. ಸೊಪ್ಪಿನಡಿಯ ತೇವಕ್ಕೆ ಸಿಕ್ಕ ಎಷ್ಟೋ ಹುಳು ಚರ್ಮ ಬಿಡಲಾರದೆ ಅಲ್ಲೇ ಸತ್ತುಹೋಗುತ್ತವೆ. ಹಾಸಿಗೆ ಒಣಗಿರಲಿ ಎಂದು ನಿನ್ನೆ ಸಂಜೆ ಸುಣ್ಣದ ಪುಡಿ ಉದುರಿಸಿದವನು ಅವನೇ. ಬುದ್ಧಿ ಬಂದಾಗಿನಿಂದ ಹುಳು ಸಾಕಿದ ಮನುಷ್ಯ, ಹೊತ್ತಾಯಿತೆಂದು ರೂಢಿಯ ಮೇಲೆ ಸೊಪ್ಪು ಕೊಯ್ದು ತಂದು ಹಾಕಿಯೂಬಿಟ್ಟಿದ್ದ! "ಅಯ್ಯೋ ಶಿವ್ನೇ, ಎಂಥ ಕೆಲ್ಸ ಮಾಡ್ಬುಟ್ನವ್ವ," ಎಂದ.

ಅಷ್ಟರಲ್ಲಿ ನವ್ಯಶ್ರೀ ಮೊದಲ ತಟ್ಟೆಗೆ ಬಗ್ಗಿದ್ದಳು. ಹುಳುವಿಗೆ ತಾಗದ ಹಾಗೆ ಒಂದೊಂದೇ ಎಲೆ ಎತ್ತುತ್ತಿದ್ದಳು. ಅವನೂ ಪಕ್ಕದ ತಟ್ಟೆಗೆ ಬಗ್ಗಿದ. ಹೊರಗೆ ಬೈಕಿನ ಹಾರನ್ ಕೇಳಿತು. ಇನ್ನೊಮ್ಮೆ ಕೇಳಿತು. ಇಬ್ಬರೂ ಏಳಲಿಲ್ಲ. ಕೊನೆಗೆ ಅನಂತರಾಜುವೇ ಬಂದು ಹೊಸ್ತಿಲಾಚೆಯಿಂದ ಇಣುಕಿದ.

"ಟೈಮಾಯ್ತು ಭಾವ! ಇವಳೇನು ಇನ್ನೂ ಹಿಂಗೇ ಅವ್ಳೆ? ಅರೆ, ಇದೇನಿದು, ಜ್ವರದಾಗೆ ಸೊಪ್ಪು ಹಾಕಿದ್ದೀಯಾ? ತಲೆ ನೆಟ್ಟಗೈತಾ ನಿಂಗೆ?"

"ಗಾಬರಿ ಕಣಪ್ಪ," ಎಂದ ಪುಟ್ಟಸ್ವಾಮಿ, ತಟ್ಟೆಯಿಂದ ತಲೆ ಎತ್ತದೆ. "ಗಾಬರೀಲಿ ಕೈ ನಿಲ್ನಿಲ್ಲ."

"ಸರಿ, ಅದನ್ನ ಆಮೇಲ್ ನೋಡ್ಕೋ. ಹುಡುಗೀನ ಕಳಿಸ್ತೀಯೋ ಇಲ್ವೋ? ಇವತ್ತು ತಪ್ಪಿದ್ರೆ ಮತ್ತೆ ಸಿಗಾಕಿಲ್ಲ."

ನವ್ಯಶ್ರೀಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಪುಟ್ಟಸ್ವಾಮಿ ಅವಳ ಬಾಚದ ತಲೆಯನ್ನು ನೋಡಿದ, ಬೆರಳಿನ ತುದಿಯಲ್ಲಿದ್ದ ಎಲೆಯನ್ನು ನೋಡಿದ.

"ನೀನು ಹೊರಡು ಅನಂತ," ಎಂದ. "ಅವಳು ಈಗ ಬರಾಕಿಲ್ಲ."

ಅನಂತರಾಜು ಗೊಣಗಿಕೊಂಡು ಹೋದ. ಬೈಕಿನ ಸದ್ದು ರಸ್ತೆ ಸೇರುವಷ್ಟರಲ್ಲಿ ಅಪ್ಪ ಮಗಳು ಮತ್ತೆ ತಟ್ಟೆಗಳಿಗೆ ಬಗ್ಗಿದ್ದರು. ಹೇಳಿದ್ದೇನೋ ಹೇಳಿದ, ಧೈರ್ಯ ಎಲ್ಲಿಂದ ಬರಬೇಕು? ಕಡೇ ತಟ್ಟೆಯ ಎಲೆ ತೆಗೆಯುವಾಗಲೂ ಅವನ ಕಣ್ಣು ಬಾಗಿಲಾಚೆಯ ರಸ್ತೆಯ ಕಡೆಗೇ ಹೋಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ, "ಅವ್ವಾ, ಈ ಪೋಸ್ಟಾಫೀಸ್ನಾಗೆ..." ಎಂದು ಶುರುಮಾಡಿದವನು, ಮಗಳು ತಲೆ ಎತ್ತುವಷ್ಟರಲ್ಲಿ, ದೊಡ್ಡದೊಂದು ತುತ್ತು ಮುದ್ದೆಯನ್ನು ತನ್ನ ಬಾಯಿಗೇ ತುರುಕಿಕೊಂಡ.