ಬೈಯುವ ಗೆಳತಿ

ಸ್ಪೇನಿನ ಬೆಟ್ಟದೂರಿನ ಆ ಬಾಡಿಗೆ ಮನೆಯ ಸುತ್ತ ಮೊಣಕಾಲುದ್ದ ಹಿಮ ಬಿದ್ದಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ದಾನೇಶ್ವರಿ, ನೀಲಾ, ಮುಕ್ತಾ ಎಷ್ಟೋ ವರ್ಷಗಳ ಮೇಲೆ ಅಲ್ಲಿ ಕೂಡಿದ್ದರು. ತಾನು ಇನ್ನೊಂದು ಚಳಿಗಾಲ ಕಾಣುವುದಿಲ್ಲವೆಂದು ವೈದ್ಯರು ಹೇಳಿದ್ದನ್ನು ಮುಕ್ತಾ ಗೆಳತಿಯರಿಗೆ ತಿಳಿಸಿರಲಿಲ್ಲ. ಊರಲ್ಲಿ ತನ್ನ ಮನೆಯವರೆಲ್ಲರೂ ಅವಳೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ಆ ಮೆಲುದನಿಯಿಂದ ತಪ್ಪಿಸಿಕೊಳ್ಳಲೆಂದೇ ಇಲ್ಲಿಗೆ ಬಂದಿದ್ದಳು.

"ಏಳಲೇ ಸೋಂಬೇರಿ," ಎಂದು ದಾನೇಶ್ವರಿ ಅವಳ ಕಂಬಳಿ ಜಗ್ಗಿದಳು. "ಕುಂತಲ್ಲೇ ಬೇರ ಬಿಟ್ಟೀದಿ. ಹಿಮಾ ನೋಡಾಕ ಬಂದೀಯೋ, ನಮ್ಮ ಕಡೆ ಸೇವಾ ಮಾಡಿಸ್ಕೊಳ್ಳಾಕ ಬಂದೀಯೋ?"

"ಮೊದಲ ಚಾ ತಾ, ಆಮ್ಯಾಲೆ ಏಳ್ತೇನಿ."

"ನಿನ್ನ ಗಂಡ ಹೆಂಗ ಬಾಳ್ವೆ ಮಾಡ್ತಾನೋ, ಪಾಪ," ಎಂದು ಗೊಣಗುತ್ತ ಅವಳು ಅಡುಗೆಮನೆಗೆ ಹೋದಳು.

ಮುಕ್ತಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಒಬ್ಬರಾದರೂ ಅವಳನ್ನು ಮನಸಾರೆ ಬೈದಿದ್ದರು. ಚಹಾ ತಡವಾಯಿತು. ತಾನೂ ಒಂದೆರಡು ಮಾತು ಬೈಯೋಣವೆಂದು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು.

ಒಳಗೆ ದಾನೇಶ್ವರಿ ನೀಲಾಳ ಹೆಗಲಿಗೆ ಮುಖ ಒತ್ತಿಕೊಂಡು ಬಿಕ್ಕುತ್ತಿದ್ದಳು.

"ಮೊದಲಿನಂಗ ಬೈರಿ ಅಂತ ಅಕಿ ಗಂಡ ಕೈ ಮುಗದು ಕೇಳ್ಕೊಂಡಾನ, ಅದಕ್ಕ ಬೈದೆ. ಇನ್ನ ನನ್ನ ಕೈಲೆ ಆಗೂದಿಲ್ಲ ನೀಲಾ, ನಾಳಿಂದ ನೀ ಬೈ."