ತಲೆಯಾನಿಸಿದ ಗೋಡೆ

ಗಣಿಯ ಪರೀಕ್ಷಕ ಉಳಿ ಹಿಡಿದು ಒಲೆಯ ಪಕ್ಕದ ಗೋಡೆಗೆ ಕೈ ಹಾಕಿದ್ದೇ ತಡ, ದರ್ಜಿಯಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು.

"ಹೋದ ವಾರ ಕೆತ್ತಿದ್ದು ಸಾಲ್ದೇನಪ್ಪ?"

"ಅಮ್ಮಾ, ಅದನ್ನ ಪರೀಕ್ಷೆ ಮಾಡಿ ನೋಡಿದ್ವಿ, ನಾಲ್ಕು ಗೋಡೇಲೂ ಚಿನ್ನ ಇದೆ! ಇದರಲ್ಲಂತೂ ಎಲ್ಲಕ್ಕಿಂತ ಜಾಸ್ತಿ."

ಬಿಳಿ ಕಲ್ಲಿನಲ್ಲಿ ಮಾತ್ರ ಚಿನ್ನವಿರುತ್ತದೆಂದು ನಂಬಿದ್ದ ಕಾಲದಲ್ಲಿ ಹುಟ್ಟಿದ ಊರದು. ಗಣಿಯವರು ದಂಡವೆಂದು ಎಸೆದ ಕರಿಕಲ್ಲನ್ನು ಜನ ಪುಕ್ಕಟೆ ಹೊತ್ತು ತಂದು ಊರು ಕಟ್ಟಿದರು. ಬಿಳಿ ಕಲ್ಲು ಮುಗಿಯಿತು, ಊರೂ ಖಾಲಿಯಾಯಿತು. ಈಗ ಗುಡ್ಡದಾಚೆಯ ಗಣಿಗೆ ಆ ಕರಿಕಲ್ಲೇ ಬೇಕಂತೆ.

"ಊರಿನ ಗೋಡೆಗಳನ್ನೆಲ್ಲ ಒಡೆದು ಲಾರಿಗೆ ತುಂಬ್ತೀವಿ. ನಿಮಗೆ ಗಣಿ ಹತ್ರ ಬೇರೆ ಮನೆ ಕೊಡ್ತಾರೆ. ಒಂದು ಸಹಿ ಹಾಕಿ."

ಇನ್ನೂರು ಮನೆಗಳಲ್ಲಿ ಹೊಗೆಯಾಡುತ್ತಿದ್ದದ್ದು ಅವಳ ಒಲೆಯೊಂದೇ. ಹನ್ನೊಂದು ವರ್ಷದ ಹಿಂದೆ ಗಂಡ, "ಈ ಮನೇಲೇನಿದೆ ಮಣ್ಣು!" ಎಂದು ಇದೇ ಗೋಡೆಗೆ ಗುದ್ದಿ, ಇನ್ನೆಲ್ಲೋ ಚಿನ್ನ ಹುಡುಕಲು ಲಾರಿ ಹತ್ತಿದ್ದ. ದೂರದ ಬೆಟ್ಟ ನುಣ್ಣಗೆ ಎಂದು ಇವಳು ಬಡಕೊಂಡರೂ ಕೇಳಿರಲಿಲ್ಲ. ಅಂದಿನಿಂದ ಅವಳು ಬಾಗಿಲಿಗೆ ಚಿಲಕ ಹಾಕಿಲ್ಲ. ಮನೆಯೇ ಹೋದರೆ, ಬಂದವನು ಯಾವ ಬಾಗಿಲಿಗೆ ಬರಬೇಕು? ಅದೊಂದೇ ಅವಳ ಭಯ.

ದರ್ಜಿಯಮ್ಮ ನಕ್ಕಳು. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ!" ಎಂದವಳಿಗೆ ಅಳು ಬಂದುಬಿಟ್ಟಿತು.

ಗೋಡೆಯ ಸುಣ್ಣದ ಮೇಲೆ, ಕೂತವನ ತಲೆಯೆತ್ತರಕ್ಕೆ ಅಂಗೈಯಗಲದ ಎಣ್ಣೆ ಕಲೆಯಿತ್ತು. ದಿನಾ ಸಂಜೆ ಅಲ್ಲೇ ತಲೆಯಾನಿಸಿ ಕೂತು ಗಂಡ, ಚಿನ್ನ ಇನ್ನೆಲ್ಲಿದ್ದೀತು ಎಂದು ಯೋಚಿಸುತ್ತಿದ್ದ. ವರ್ಷವರ್ಷವೂ ಅವಳು ಆ ಕಲೆಯೊಂದನ್ನು ಬಿಟ್ಟು ಸುಣ್ಣ ಬಳಿದಿದ್ದಳು.

"ಮೂರು ಗೋಡೆ ತಗೊಂಡು ಹೋಗಿ. ಇದೊಂದನ್ನ ಮುಟ್ಟಬೇಡಿ."

"ಒಂಟಿ ಗೋಡೆ ಇಟ್ಕೊಂಡು ಏನಮ್ಮ ಮಾಡ್ತೀರಿ?"

"ನಮ್ಮನೆಯವರು ಬಂದಾಗ ಇದನ್ನ ನೋಡ್ಬೇಕು. ಬಾಯಲ್ಲಿ ಹೇಳಿದ್ರೆ ನಂಬೋ ಪೈಕಿ ಅಲ್ಲ ಅವರು."

ಪರೀಕ್ಷಕ ತಲೆ ಕೆರೆದುಕೊಂಡ. ಇನ್ನೊಮ್ಮೆ ಗೋಡೆಯನ್ನೂ ಅವಳನ್ನೂ ನೋಡಿ, ಕಾಗದದಲ್ಲಿ ನಾಲ್ಕು ಎಂದಿದ್ದುದನ್ನು ಹೊಡೆದುಹಾಕಿ ಮೂರು ಎಂದು ಬರೆದ. ಅವಳು ಸಹಿ ಹಾಕಿದಳು.

ತಿಂಗಳಾದ ಮೇಲೆ ಕೊನೆಯ ಲಾರಿ ಹೊರಟಾಗ ಊರಿದ್ದ ಜಾಗದಲ್ಲಿ ಉಳಿದದ್ದು ಆ ಗೋಡೆ ಮಾತ್ರ. ಕಲೆಯ ಕೆಳಗೆ ಇದ್ದಿಲಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: 'ಚಿನ್ನ ಇದರಲ್ಲೇ ಇತ್ತು. ನಾನು ಗುಡ್ಡದಾಚೆ ಗಣಿ ಬೀದಿ, ಒಂಬತ್ತನೇ ಮನೇಲಿದ್ದೀನಿ. ಚಿಲಕ ಹಾಕಿರಲ್ಲ.'